ಸಾಲಿನ ಮೇಲಿನ ಬೆರಳು

ಬೆಳಗಿನ ಪ್ರಾರ್ಥನೆ ಮುಗಿದು ತರಗತಿಗೆ ಬಂದ ಉಪಾಧ್ಯಾಯರು ಮಾಡುವ ಮೊದಲನೆಯ ಕೆಲಸ ಯಾವುದೆಂಬುದು ನಿಮಗೆಲ್ಲ ತಿಳಿದಿದೆ. ಅವರು ಹಾಜರಿ ಪುಸ್ತಕವನ್ನು ತೆರೆದು, ಎಡಗೈಯ ತೋರುಬೆರಳನ್ನು ಪುಟದ ಮೇಲೆ ಊರಿ, ಬಲಗೈಯಲ್ಲಿ ಲೇಖನಿಯನ್ನು ಹಿಡಿದು ಹೆಸರುಗಳನ್ನು ಕೂಗುತ್ತಾರೆ. ಒಂದು ಹೆಸರನ್ನು ಕೂಗಿ, ಉತ್ತರವನ್ನು ಕೇಳಿ, ಗುರುತು ಹಾಕಿದ ಮೇಲೆ ಬೆರಳು ಒಂದು ಸಾಲು ಕೆಳಗಿಳಿಯುತ್ತದೆ. ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಾನು ಈ ಕೆಲಸವನ್ನು ಮಾಡಿದ್ದೇನೆ. ಆ ಬೆರಳಿನ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ಅದು ತಪ್ಪಿದರೆ ಒಬ್ಬ ಬಾಲಕನ ಹಾಜರಿ ಇನ್ನೊಬ್ಬನ ಹೆಸರಿಗೆ ಬೀಳುತ್ತದೆ, ಇಲ್ಲವೆ ಯಾರೋ ಒಬ್ಬರು ಶಾಲೆಗೆ ಬಂದೂ ಬಾರದವರಾಗುತ್ತಾರೆ. ನಿವೃತ್ತನಾದ ಮೇಲೆ ಒಂದು ಗಣಕಯಂತ್ರದ ಮುಂದೆ ಕುಳಿತಾಗ, ಇದೇ ಬೆರಳು ಬೇರೊಂದು ರೂಪದಲ್ಲಿ ನನಗೆ ಎದುರಾಯಿತು. ಅದರ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಇಂದು ಹಾಜರಿಯೂ ಅಂಕಪಟ್ಟಿಯೂ ಬ್ಯಾಂಕಿನ ಲೆಕ್ಕವೂ ರೈಲಿನ ಕಾಯ್ದಿರಿಸಿದ ಸ್ಥಳಗಳೂ ಗಣಕಯಂತ್ರದೊಳಗೆ ಕೋಷ್ಟಕಗಳ ರೂಪದಲ್ಲಿ ಇರುತ್ತವೆ. ಇಂತಹ ಕೋಷ್ಟಕಗಳ ವ್ಯವಸ್ಥಿತ ಸಂಗ್ರಹಕ್ಕೆ ಡೇಟಾಬೇಸ್ ಎಂದು ಹೆಸರು. ಕೋಷ್ಟಕದಲ್ಲಿ ಅಡ್ಡಲಾಗಿರುವುದು ಸಾಲು, ಉದ್ದಕ್ಕಿರುವುದು ಅಂಕಣ. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ಅವನ ದಾಖಲಾತಿ ಸಂಖ್ಯೆಗೆ ಒಂದು ಅಂಕಣ, ಹೆಸರಿಗೆ ಒಂದು, ತರಗತಿಗೆ ಒಂದು. ಇಷ್ಟರ ಮಟ್ಟಿಗೆ ಅದು ನಮ್ಮ ಹಾಜರಿ ಪುಸ್ತಕವೇ ಸರಿ. ಆದರೆ ಅದನ್ನು ಓದುವ ರೀತಿ ಬೇರೆ.

ಮೊದಮೊದಲು ಈ ಸಂಗ್ರಹಗಳನ್ನು ಓದುವುದು ಬಹಳ ಪ್ರಯಾಸದ ಕೆಲಸವಾಗಿತ್ತು. ಒಂದು ದಾಖಲೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಕೊಂಡಿಗಳಿರುತ್ತಿದ್ದವು. ಕ್ರಮವಿಧಿಯನ್ನು ಬರೆಯುವವನು ಆ ಕೊಂಡಿಗಳನ್ನು ಹಿಡಿದು ತಾನೇ ದಾರಿ ಹುಡುಕಿಕೊಂಡು ಹೋಗಬೇಕಾಗಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಇಂತಹ ಒಂದು ವ್ಯವಸ್ಥೆಯನ್ನು ರೂಪಿಸಿದ ಚಾರ್ಲ್ಸ್ ಬ್ಯಾಕ್‌ಮನ್ ಎಂಬುವರಿಗೆ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಆ ಸಂದರ್ಭದಲ್ಲಿ ಅವರು ಮಾಡಿದ ಉಪನ್ಯಾಸದಲ್ಲಿ ಕ್ರಮವಿಧಿಕಾರನನ್ನು ನಾವಿಕನೆಂದು ಕರೆದರು. ಹೋಲಿಕೆ ಸೊಗಸಾಗಿದೆ. ಆದರೆ ಸಮುದ್ರದ ಎಲ್ಲ ಬಂಡೆಗಳನ್ನೂ ನಾವಿಕನೇ ತಿಳಿದಿರಬೇಕು ಎಂಬ ಕಷ್ಟವೂ ಆ ಹೋಲಿಕೆಯೊಳಗೆ ಅಡಗಿದೆ.

ಈ ಕಷ್ಟವನ್ನು ತೊಡೆದುಹಾಕಲು ಹೊರಟವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದು, ಅನಂತರ ಅಮೆರಿಕದ ಐಬಿಎಂ ಸಂಸ್ಥೆಯನ್ನು ಸೇರಿದ ಈ ಗಣಿತಜ್ಞರು 1970ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ದಾರಿಯನ್ನು ಹೇಳುವ ಹೊಣೆ ಮನುಷ್ಯನಿಗೆ ಬೇಡ, ಬೇಕಾದುದು ಏನೆಂದು ಅವನು ಹೇಳಿದರೆ ಸಾಕು, ಹುಡುಕುವುದು ಯಂತ್ರದ ಕೆಲಸವಾಗಲಿ ಎಂಬುದು ಅದರ ತಾತ್ಪರ್ಯ. ಆ ವಿಚಾರದ ಆಧಾರದ ಮೇಲೆ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಒಂದು ಪ್ರಶ್ನೆಭಾಷೆಯನ್ನು ಮುಂದಿಟ್ಟರು. ಇಂದು ಲೋಕವೆಲ್ಲ ಬಳಸುವ ಎಸ್‌ಕ್ಯೂಎಲ್ ಅದರಿಂದ ಬೆಳೆದದ್ದೇ. 'ವಿದ್ಯಾರ್ಥಿಗಳ ಕೋಷ್ಟಕದಿಂದ, ತರಗತಿ ಒಂಬತ್ತು ಆಗಿರುವವರ ಹೆಸರನ್ನು ಆರಿಸಿ ಕೊಡು' ಎಂದು ಆ ಭಾಷೆಯಲ್ಲಿ ಕೇಳಿದರೆ, ಆ ಹೆಸರುಗಳೆಲ್ಲವೂ ಒಂದು ಸಮೂಹವಾಗಿ ಉತ್ತರದಲ್ಲಿ ನಿಲ್ಲುತ್ತವೆ. ಮೊದಲು ಯಾವ ಪುಟವನ್ನು ತೆರೆಯಬೇಕು, ಎಲ್ಲಿ ತಿರುವಿಹಾಕಬೇಕು ಎಂಬ ಗೊಡವೆ ಕೇಳಿದವನಿಗೆ ಇಲ್ಲ.

ಹಾಗಾದರೆ ನಾವಿಕನ ಕೆಲಸ ಪೂರ್ತಿಯಾಗಿ ಮುಗಿಯಿತೇ? ಮುಗಿಯಲಿಲ್ಲ. ಉತ್ತರ ಬಂದದ್ದು ಸಮೂಹವಾಗಿ. ಆದರೆ ಅದನ್ನು ಬಳಸುವುದು ಒಂದೊಂದಾಗಿ. ಜಾತ್ರೆಗೆ ಸೇರಿದ ಜನವನ್ನು ಗೋಪುರದ ಮೇಲಿನಿಂದ ಒಂದೇ ನೋಟದಲ್ಲಿ ಕಾಣಬಹುದು. ಪ್ರಸಾದವನ್ನು ಹಂಚುವಾಗ ಮಾತ್ರ ಒಬ್ಬೊಬ್ಬರ ಕೈಗೇ ಹಾಕಬೇಕು. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ರಸೀದಿಯನ್ನು ಮುದ್ರಿಸುವ ಕ್ರಮವಿಧಿ ಮೊದಲನೆಯ ಸಾಲನ್ನು ತೆಗೆದುಕೊಂಡು, ಮುದ್ರಿಸಿ, ಎರಡನೆಯದಕ್ಕೆ ಹೋಗಬೇಕು. ಆದುದರಿಂದ ಉತ್ತರದ ಸಾಲುಗಳ ಮೇಲೆ 'ಈಗ ಇಲ್ಲಿದ್ದೇನೆ' ಎಂದು ತೋರಿಸುವ ಒಂದು ಗುರುತು ಬೇಕಾಯಿತು. ಅದಕ್ಕೆ ಕರ್ಸರ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಓಡುವವನು ಎಂದರ್ಥ. ಲೆಕ್ಕ ಮಾಡಲು ಹಿಂದೆ ಎಂಜಿನಿಯರುಗಳು ಬಳಸುತ್ತಿದ್ದ ಸ್ಲೈಡ್ ರೂಲಿನ ಮೇಲೆ ಜಾರುತ್ತಿದ್ದ ಗಾಜಿನ ತುಂಡಿಗೂ ಇದೇ ಹೆಸರಿತ್ತು. ನಮ್ಮ ಪಾಲಿಗೆ ಅದು ಹಾಜರಿ ಪುಸ್ತಕದ ಮೇಲಿನ ತೋರುಬೆರಳು.

ಈ ಬೆರಳನ್ನು ನಡೆಸುವುದು ಸಾಮಾನ್ಯವಾಗಿ ಒಂದು ಸ್ಕ್ರಿಪ್ಟ್ ಭಾಷೆ. ಬರೆದ ಕೂಡಲೆ, ಬೇರೆ ಯಾವ ಸಿದ್ಧತೆಯೂ ಇಲ್ಲದೆ, ಓಡಿಸಿ ನೋಡಬಹುದಾದ ಕ್ರಮವಿಧಿ ಭಾಷೆಗಳನ್ನು ಹೀಗೆ ಕರೆಯುತ್ತಾರೆ. ಅಂತಹವುಗಳಲ್ಲಿ ಹೆಸರಾದುದು ಪೈಥಾನ್. ನೆದರ್ಲೆಂಡ್ಸ್ ದೇಶದ ಖೀಡೊ ವಾನ್ ರಾಸಮ್ ಇದನ್ನು 1991ರಲ್ಲಿ ಹೊರತಂದರು. ಹೆಸರು ಹೆಬ್ಬಾವಿನಿಂದ ಬಂದುದಲ್ಲ. ಬ್ರಿಟನ್ನಿನ ದೂರದರ್ಶನದ ಒಂದು ಹಾಸ್ಯ ತಂಡದಿಂದ ಬಂದುದು. ಗಂಭೀರವಾದ ಯಂತ್ರಕ್ಕೆ ನಗುವಿನ ಹೆಸರಿಟ್ಟವರ ಬಗ್ಗೆ ನನಗೆ ಗೌರವವಿದೆ. ಪೈಥಾನ್ ಜೊತೆಯಲ್ಲಿಯೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸನ್ನು ಬಳಸುವ ಸೌಕರ್ಯವೂ 2006ರಿಂದ ಸೇರಿಕೊಂಡಿದೆ. ಇದನ್ನು ರಿಚರ್ಡ್ ಹಿಪ್ ಎಂಬುವರು 2000ದಲ್ಲಿ ಹೊರತಂದರು. ನಿಮ್ಮ ಮನೆಯವರ ಮೊಬೈಲಿನಲ್ಲಿ ಹೆಸರುಗಳೂ ಸಂದೇಶಗಳೂ ಬಹುಮಟ್ಟಿಗೆ ಇದರೊಳಗೇ ಇರುತ್ತವೆ.

ಈಗ ಬೆರಳು ಹೇಗೆ ನಡೆಯುತ್ತದೆಂಬುದನ್ನು ಗಮನವಿಟ್ಟು ನೋಡಿ. ಪ್ರಶ್ನೆಯನ್ನು ಕೇಳಿದ ಕ್ಷಣದಲ್ಲಿ ಕರ್ಸರು ಮೊದಲನೆಯ ಸಾಲಿನ ಮೇಲೆ ಇರುವುದಿಲ್ಲ. ಅದಕ್ಕೂ ಮೇಲೆ, ಪುಟದ ತಲೆಬರಹದ ಬಳಿ ಕಾದಿರುತ್ತದೆ. ಫೆಚ್‌ಒನ್ ಎಂದು ಆಜ್ಞಾಪಿಸಿದಾಗ ಅದು ಒಂದು ಸಾಲು ಕೆಳಗಿಳಿದು, ಆ ಸಾಲನ್ನು ಎತ್ತಿ ನಮ್ಮ ಕೈಗೆ ಕೊಡುತ್ತದೆ. ಇಳಿಯುವುದು, ಕೊಡುವುದು ಎರಡೂ ಒಂದೇ ಕ್ರಿಯೆ, ಬೇರೆಬೇರೆಯಲ್ಲ. ಇಳಿಯದೆ ಇಣುಕಿ ನೋಡುವ ದಾರಿ ಅಲ್ಲಿಲ್ಲ. ಮತ್ತೆ ಫೆಚ್‌ಒನ್ ಎಂದರೆ ಎರಡನೆಯ ಸಾಲು, ಮತ್ತೆ ಎಂದರೆ ಮೂರನೆಯದು. ಸಾಲುಗಳು ಮುಗಿದ ಮೇಲೂ ಕೇಳಿದರೆ 'ನನ್' ಎಂಬ ಉತ್ತರ ಬರುತ್ತದೆ. ಏನೂ ಇಲ್ಲ ಎಂದು ಅದರರ್ಥ. ಇಲ್ಲೊಂದು ಸೂಕ್ಷ್ಮವಿದೆ. ಹುಡುಗನೊಬ್ಬನ ಜನ್ಮದಿನವನ್ನು ಬರೆಯದೆ ಬಿಟ್ಟಿದ್ದರೆ ಅವನ ಸಾಲು ಬರುತ್ತದೆ, ಆ ಮನೆ ಮಾತ್ರ ಬರಿದಾಗಿರುತ್ತದೆ. ಬರಿದಾದ ಮನೆಯುಳ್ಳ ಸಾಲು ಬೇರೆ, ಸಾಲೇ ಇಲ್ಲದಿರುವುದು ಬೇರೆ. ಇವೆರಡನ್ನೂ ಒಂದೆಂದು ತಿಳಿದ ಕ್ರಮವಿಧಿ ನಡುದಾರಿಯಲ್ಲಿಯೇ ಪುಸ್ತಕವನ್ನು ಮುಚ್ಚಿಬಿಡುತ್ತದೆ.

ಪ್ರತಿ ಸಲವೂ ಫೆಚ್‌ಒನ್ ಎನ್ನುತ್ತ ಕೂರುವ ಬದಲು, ಸಾಲುಗಳು ಇರುವವರೆಗೂ ಒಂದೊಂದನ್ನಾಗಿ ತೆಗೆದುಕೊಂಡು ಹೋಗು ಎಂದು ಫಾರ್ ಎಂಬ ಆವರ್ತನದ ಮೂಲಕ ಹೇಳುವುದೂ ಉಂಟು. ಅದು ಕೂಡ ಇದೇ ಬೆರಳನ್ನೇ ನಡೆಸುತ್ತದೆ, ಬೆರಳು ಆಗ ಎಲ್ಲಿರುತ್ತದೆಯೋ ಅಲ್ಲಿಂದಲೇ. ಈ ಕೊನೆಯ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ನಿವೃತ್ತಿಯ ಅನಂತರ ಒಂದು ಪ್ರೌಢಶಾಲೆಯ ದತ್ತಿನಿಧಿಯ ಲೆಕ್ಕವನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಒಪ್ಪಿಕೊಂಡೆ. ಬಡ ವಿದ್ಯಾರ್ಥಿಗಳಿಗೆ ಪ್ರತಿ ತಿಂಗಳೂ ಸ್ವಲ್ಪ ಹಣವನ್ನು ಕೊಡುವ ನಿಧಿ ಅದು. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಒಂದೊಂದು ಪಟ್ಟಿ. ನನ್ನ ಹಳೆಯ ಶಿಷ್ಯನೊಬ್ಬ, ಬಹಳ ಒಳ್ಳೆಯ ಹುಡುಗ, ಪೈಥಾನ್‌ನಲ್ಲಿ ಒಂದು ಕ್ರಮವಿಧಿಯನ್ನು ಬರೆದುಕೊಟ್ಟಿದ್ದ. ಗುಂಡಿಯನ್ನು ಒತ್ತಿದರೆ ಮೂರು ಪಟ್ಟಿಗಳೂ ಅಚ್ಚುಕಟ್ಟಾಗಿ, ಅಕಾರಾದಿಯಾಗಿ ಮುದ್ರಣವಾಗಿ ಬರುತ್ತಿದ್ದವು. ಎರಡನೆಯ ತಿಂಗಳ ಹಣವನ್ನು ಹಂಚುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತು, "ಸಾರ್, ಹೋದ ತಿಂಗಳೂ ನನ್ನ ಹೆಸರು ಬರಲಿಲ್ಲ" ಎಂದಳು. ನಾನು ಪಟ್ಟಿಯನ್ನು ನೋಡಿದೆ. ಅವಳ ಹೆಸರು ಇರಲಿಲ್ಲ. ಅರ್ಜಿಯನ್ನು ಸರಿಯಾಗಿ ತುಂಬಿರಲಾರೆ, ಗುಮಾಸ್ತರನ್ನು ಕೇಳು ಎಂದೆ. ಅವಳು ಮತ್ತೇನನ್ನೂ ಹೇಳದೆ ಹೋದಳು. ಮುದ್ರಿತವಾದ ಕಾಗದದ ಮೇಲೆ ನನಗೆ ಅವಳ ಮಾತಿಗಿಂತ ಹೆಚ್ಚು ನಂಬಿಕೆಯಿತ್ತು.

ಆ ರಾತ್ರಿ ನನಗೇಕೋ ಸಮಾಧಾನವಾಗಲಿಲ್ಲ. ಅವಳ ಹೆಸರು 'ಅ' ಅಕ್ಷರದಿಂದ ಆರಂಭವಾಗುತ್ತಿತ್ತು. ಇಂತಹ ಹೆಸರಿನ ಮಕ್ಕಳನ್ನು ನಾನು ಬಲ್ಲೆ. ಹಾಜರಿಯಲ್ಲಿ ಯಾವಾಗಲೂ ಮೊದಲು ಕೂಗಿಸಿಕೊಳ್ಳುವವರು, ಒಂದು ನಿಮಿಷ ತಡವಾಗಿ ಬಂದರೂ ಸಿಕ್ಕಿಬೀಳುವವರು. ಮರುದಿನ ಕೋಷ್ಟಕದಲ್ಲಿ ಎಷ್ಟು ಸಾಲುಗಳಿವೆಯೆಂದು ಡೇಟಾಬೇಸನ್ನೇ ಕೇಳಿದೆ. ಎಂಟನೆಯ ತರಗತಿಯಲ್ಲಿ 16, ಒಂಬತ್ತರಲ್ಲಿ 17, ಹತ್ತರಲ್ಲಿ 14, ಒಟ್ಟು 47. ಮುದ್ರಿತ ಪಟ್ಟಿಗಳಲ್ಲಿ ಎಣಿಸಿದರೆ 15, 16, 13, ಒಟ್ಟು 44. ಪ್ರತಿಯೊಂದು ತರಗತಿಯಲ್ಲಿಯೂ ಒಬ್ಬರು ಇಲ್ಲ. ಇಲ್ಲವಾದವರು ಪ್ರತಿಯೊಂದು ಕಡೆಯೂ ಅಕಾರಾದಿಯಲ್ಲಿ ಮೊದಲನೆಯವರು.

ಶಿಷ್ಯನನ್ನು ಕರೆಸಿದೆ. ಇಬ್ಬರೂ ಕುಳಿತು ಅವನ ಕ್ರಮವಿಧಿಯನ್ನು ಒಂದೊಂದೇ ಪಂಕ್ತಿಯಾಗಿ ಓದಿದೆವು. ಅವನು ಜಾಗರೂಕನಾಗಿಯೇ ಬರೆದಿದ್ದ. ಅವನ ಜಾಗರೂಕತೆಯೇ ತೊಡಕಾಗಿತ್ತು. ಯಾವುದಾದರೂ ತರಗತಿಯಲ್ಲಿ ಅರ್ಹರು ಒಬ್ಬರೂ ಇಲ್ಲದಿದ್ದರೆ ಬರಿಯ ತಲೆಬರಹವುಳ್ಳ ಖಾಲಿ ಪಟ್ಟಿ ಮುದ್ರಣವಾಗಬಾರದೆಂದು, ಪ್ರಶ್ನೆ ಕೇಳಿದ ಕೂಡಲೆ ಫೆಚ್‌ಒನ್ ಮಾಡಿ, ಉತ್ತರ 'ನನ್' ಅಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಆವರ್ತನವನ್ನು ಆರಂಭಿಸಿದ್ದ. 'ಒಳಗೆ ಯಾರಾದರೂ ಇದ್ದೀರಾ?' ಎಂದು ಕೇಳಿದ್ದಾನೆ. ಉತ್ತರ ಕೊಡಲು ಮೊದಲನೆಯ ಮಗು ಹೊರಗೆ ಬಂದಿದೆ. ಇದ್ದಾರೆಂದು ತಿಳಿದ ಮೇಲೆ ಒಳಗೆ ಉಳಿದವರಿಗೆ ಹಣ ಹಂಚಿದ್ದಾನೆ. ಹೊರಗೆ ಬಂದ ಮಗುವನ್ನು ಮತ್ತೆ ಯಾರೂ ನೋಡಲಿಲ್ಲ. ಯಂತ್ರವು ಯಾವ ದೋಷವನ್ನೂ ವರದಿ ಮಾಡಲಿಲ್ಲ. ಅದರ ಲೆಕ್ಕದಲ್ಲಿ ಆ ಸಾಲನ್ನು ಕೇಳಲಾಗಿತ್ತು, ಕೊಡಲಾಗಿತ್ತು. ಕೊಟ್ಟದ್ದನ್ನು ಕೈಬಿಟ್ಟವರು ನಾವು.

ಒಂದು ವಿಷಯ ಆಗ ನನಗೆ ಹೊಳೆಯಿತು. ಪಟ್ಟಿಯನ್ನು ಅಕಾರಾದಿಯಾಗಿ ಕೇಳಿದ್ದರಿಂದ ಪ್ರತಿ ತಿಂಗಳೂ ಅದೇ ಮಕ್ಕಳೇ ಬಿಟ್ಟುಹೋಗುತ್ತಿದ್ದರು. ಅನುಕ್ರಮವನ್ನು ಕೇಳದೆ ಇದ್ದಿದ್ದರೆ? ಕೋಷ್ಟಕವೆಂಬುದು ಸಮೂಹವೆಂದು ಹಿಂದೆ ಹೇಳಿದೆನಷ್ಟೆ. ಸಮೂಹಕ್ಕೆ ಮೊದಲು ಕೊನೆಗಳಿಲ್ಲ. ಆರ್ಡರ್ ಬೈ ಎಂಬ ಮಾತನ್ನು ಸೇರಿಸಿ ಇಂತಹ ಕ್ರಮದಲ್ಲಿ ಕೊಡು ಎಂದು ಸ್ಪಷ್ಟವಾಗಿ ಕೇಳದಿದ್ದರೆ, ಸಾಲುಗಳು ಯಂತ್ರಕ್ಕೆ ಅನುಕೂಲವಾದ ಕ್ರಮದಲ್ಲಿ ಬರುತ್ತವೆ. ನೂರು ದಿನ ಒಂದೇ ಕ್ರಮದಲ್ಲಿ ಬಂದರೂ ನೂರೊಂದನೆಯ ದಿನ ಹಾಗೆಯೇ ಬರಬೇಕೆಂಬ ನಿಯಮವಿಲ್ಲ. ಹಾಗಾಗಿದ್ದರೆ ಈ ತಿಂಗಳು ಒಬ್ಬರು, ಇನ್ನೊಂದು ತಿಂಗಳು ಇನ್ನೊಬ್ಬರು ಬಿಟ್ಟುಹೋಗಿ, ಒಬ್ಬೊಬ್ಬರೂ ಇದನ್ನು ತಮ್ಮ ಅದೃಷ್ಟವೆಂದು ತಿಳಿದು ಸುಮ್ಮನಾಗುತ್ತಿದ್ದರು. ಕ್ರಮವನ್ನು ಕೇಳುವಾಗಲೂ ಎಚ್ಚರಿಕೆ ಬೇಕು. ಸಂಖ್ಯೆಗಳನ್ನು ಸಂಖ್ಯೆಗಳೆಂದು ತುಂಬದೆ ಅಕ್ಷರಗಳೆಂದು ತುಂಬಿದ್ದರೆ, ಒಂದಾದ ಮೇಲೆ ಹತ್ತು, ಹನ್ನೊಂದು ಬಂದು, ಎರಡು ಬಹಳ ಹಿಂದೆ ಉಳಿಯುತ್ತದೆ. ಯಂತ್ರ ಆಗ ಮೊದಲನೆಯ ಅಂಕಿಯನ್ನೇ ಅಕ್ಷರವೆಂದು ಹೋಲಿಸುತ್ತಿರುತ್ತದೆ.

ಇನ್ನು ಹಿಂದಕ್ಕೆ ಹೋಗುವ ಮಾತು. ನಮ್ಮ ಬೆರಳು ಪುಸ್ತಕದ ಮೇಲೆ ಮೇಲಕ್ಕೂ ಸರಿಯಬಲ್ಲದು. ಪೈಥಾನ್ ಮತ್ತು ಎಸ್‌ಕ್ಯೂಲೈಟ್‌ನ ಕರ್ಸರು ಹಾಗಲ್ಲ. ಅದು ಮುಂದಕ್ಕೆ ಮಾತ್ರ ನಡೆಯುತ್ತದೆ, ನದಿಯ ನೀರಿನಂತೆ. ಅದಕ್ಕೆ ಕಾರಣವುಂಟು. ಎಸ್‌ಕ್ಯೂಲೈಟ್ ಸಾಧ್ಯವಾದಾಗಲೆಲ್ಲ ಉತ್ತರದ ಸಾಲುಗಳನ್ನು ಮುಂಚಿತವಾಗಿ ಸಿದ್ಧಮಾಡಿ ರಾಶಿ ಹಾಕಿಕೊಳ್ಳುವುದಿಲ್ಲ. ಒಂದು ಸಾಲನ್ನು ಕೇಳಿದಾಗ ಆ ಒಂದನ್ನು ಹುಡುಕಿ ಕೊಡುತ್ತದೆ, ದೋಸೆಯನ್ನು ಒಂದೊಂದಾಗಿ ಹುಯ್ದು ಕೊಡುವಂತೆ. ಆದುದರಿಂದಲೇ ಒಟ್ಟು ಎಷ್ಟು ಸಾಲುಗಳಿವೆಯೆಂದು ಅಲ್ಲಿಯ ಕರ್ಸರನ್ನು ಕೇಳಿದರೆ, 'ನಾನರಿಯೆ' ಎಂಬುದರ ಬದಲಾಗಿ ಅದು -1 ಎಂದು ಉತ್ತರಿಸುತ್ತದೆ. ಎಣಿಕೆ ಬೇಕಿದ್ದರೆ ಅದನ್ನೇ ಬೇರೊಂದು ಪ್ರಶ್ನೆಯಾಗಿ ಕೇಳಬೇಕು; ನಾನು 47 ಎಂಬ ಸಂಖ್ಯೆಯನ್ನು ಪಡೆದದ್ದು ಹಾಗೆ. ಪಿಎಚ್‌ಪಿ ಎಂಬ ಇನ್ನೊಂದು ಸ್ಕ್ರಿಪ್ಟ್ ಭಾಷೆ ಮೈಎಸ್‌ಕ್ಯೂಎಲ್ ಡೇಟಾಬೇಸಿನೊಡನೆ ವ್ಯವಹರಿಸುವಾಗ, ಸಾಮಾನ್ಯವಾಗಿ ಉತ್ತರವನ್ನೆಲ್ಲ ಮೊದಲೇ ತನ್ನ ನೆನಪಿಗೆ ತಂದುಕೊಳ್ಳುತ್ತದೆ. ಅಲ್ಲಿ ಡೇಟಾ ಸೀಕ್ ಎಂಬ ಆಜ್ಞೆಯಿಂದ ಬೇಕಾದ ಸಾಲಿಗೆ ನೇರವಾಗಿ ಹಾರಬಹುದು, ಹಿಂದಕ್ಕೂ ಮರಳಬಹುದು. ಆದರೆ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಐದನೆಯ ಸಾಲು ಬೇಕಾದವನು ನಾಲ್ಕು ಎನ್ನಬೇಕು.

ಪೈಥಾನ್‌ನಲ್ಲಿಯೂ ಫೆಚ್‌ಆಲ್ ಎಂದು ಹೇಳಿ ಸಾಲುಗಳನ್ನೆಲ್ಲ ಒಟ್ಟಿಗೆ ಒಂದು ಪಟ್ಟಿಯಾಗಿ ಪಡೆಯಬಹುದು. ಆಮೇಲೆ ಹಿಂದೆ ಮುಂದೆ ಹೋಗಲು ಅಡ್ಡಿಯಿಲ್ಲ. ನಲವತ್ತೇಳು ಮಕ್ಕಳ ಪಟ್ಟಿಗೆ ಇದೇ ಸುಲಭದ ದಾರಿ. ಆದರೆ ಸಾಲುಗಳು ಲಕ್ಷಗಟ್ಟಲೆ ಇದ್ದರೆ ಯಂತ್ರದ ನೆನಪು ಭಾರದಿಂದ ಕುಸಿಯುತ್ತದೆ. ಆಗ ಫೆಚ್‌ಮೆನಿ ಎಂದು ನೂರು ನೂರಾಗಿ ಕೇಳಿ ಪಡೆಯುವುದು ಜಾಣತನ.

ಪರದೆಯ ಮೇಲೆ 'ಹಿಂದಿನದು', 'ಮುಂದಿನದು' ಎಂಬ ಎರಡು ಗುಂಡಿಗಳನ್ನಿಟ್ಟು ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನು ತೋರಿಸಬೇಕೆಂದು ಶಿಷ್ಯನಿಗೆ ನಾನು ಹೇಳಿದ್ದೆ. ಹೊಸಬರು ಇಲ್ಲಿ ದಾಖಲಾತಿ ಸಂಖ್ಯೆಗೆ ಒಂದನ್ನು ಕೂಡಿಸಿ ಮುಂದಿನವರನ್ನೂ ಒಂದನ್ನು ಕಳೆದು ಹಿಂದಿನವರನ್ನೂ ಹುಡುಕುತ್ತಾರೆ. ಆದರೆ 112ನೆಯ ಸಂಖ್ಯೆಯ ಹುಡುಗ ವರ್ಗಾವಣೆ ಪತ್ರವನ್ನು ಪಡೆದು ಬೇರೆ ಊರಿಗೆ ಹೋಗಿದ್ದರೆ, 111ರ ಮುಂದೆ ಗುಂಡಿ ಒತ್ತಿದಾಗ ಶೂನ್ಯ ಕಾಣಿಸುತ್ತದೆ, ಅಲ್ಲಿಗೆ ಶಾಲೆಯೇ ಮುಗಿಯಿತೆಂಬಂತೆ! ಸರಿಯಾದ ಪ್ರಶ್ನೆ ಬೇರೆ: 111ಕ್ಕಿಂತ ಹೆಚ್ಚಿನ ಸಂಖ್ಯೆಯುಳ್ಳವರನ್ನು ಏರಿಕೆಯ ಕ್ರಮದಲ್ಲಿ ಇಟ್ಟು, ಮೊದಲನೆಯ ಒಬ್ಬರನ್ನು ಮಾತ್ರ ಕೊಡು. ಹಿಂದಿನವರು ಬೇಕಾದರೆ, 111ಕ್ಕಿಂತ ಕಡಿಮೆಯವರನ್ನು ಇಳಿಕೆಯ ಕ್ರಮದಲ್ಲಿ ಇಟ್ಟು ಒಬ್ಬರನ್ನು ಕೊಡು. ಇಲ್ಲಿ ಬೆರಳು ಹಿಂದಕ್ಕೆ ನಡೆಯಲಿಲ್ಲ. ಪುಸ್ತಕವನ್ನೇ ತಲೆಕೆಳಗಾಗಿ ಹಿಡಿದೆವು.

ಮತ್ತೊಂದು ಪ್ರಮಾದವೂ ಸಾಮಾನ್ಯ. ಹಾಜರಿ ಕೂಗುತ್ತಿರುವಾಗ ನಡುವೆ ಜವಾನನು ಬಂದು ಶುಲ್ಕದ ಪುಸ್ತಕದಲ್ಲಿ ಏನನ್ನೋ ನೋಡಬೇಕೆಂದರೆ, ಉಪಾಧ್ಯಾಯರು ಅದೇ ಬೆರಳನ್ನು ಎತ್ತಿ ಆ ಪುಸ್ತಕದ ಮೇಲಿಟ್ಟರೆ ಏನಾಗುತ್ತದೆ? ಹಾಜರಿಯಲ್ಲಿ ನಿಂತ ಜಾಗ ಮರೆತುಹೋಗುತ್ತದೆ. ಒಂದು ಕರ್ಸರು ಸಾಲುಗಳನ್ನು ಕೊಡುತ್ತಿರುವಾಗಲೇ ಅದಕ್ಕೆ ಇನ್ನೊಂದು ಪ್ರಶ್ನೆಯನ್ನು ಒಪ್ಪಿಸಿದರೆ ಆಗುವುದೂ ಇದೇ. ಮೊದಲಿನ ಉತ್ತರದಲ್ಲಿ ಉಳಿದಿದ್ದ ಸಾಲುಗಳು ಕೈತಪ್ಪುತ್ತವೆ. ಎರಡನೆಯ ಪುಸ್ತಕಕ್ಕೆ ಎರಡನೆಯ ಬೆರಳು ಬೇಕು.

ಶಿಷ್ಯನು ತಿದ್ದುಪಡಿಯನ್ನು ಹತ್ತು ನಿಮಿಷಗಳಲ್ಲಿ ಮಾಡಿ ಮುಗಿಸಿದ. ಮೊದಲೇ ಇಣುಕಿ ನೋಡುವ ಪಂಕ್ತಿಯನ್ನು ಅಳಿಸಿ, ಸಾಲುಗಳನ್ನೆಲ್ಲ ಫೆಚ್‌ಆಲ್‌ನಿಂದ ಪಟ್ಟಿಯಾಗಿ ಪಡೆದು, ಪಟ್ಟಿ ಬರಿದಾಗಿದೆಯೇ ಎಂದು ಆ ಪಟ್ಟಿಯನ್ನೇ ಪರೀಕ್ಷಿಸುವಂತೆ ಬರೆದ. ಪಟ್ಟಿಯ ಕೊನೆಯಲ್ಲಿ, ಮುದ್ರಿಸಿದ ಹೆಸರುಗಳೆಷ್ಟು, ಕೋಷ್ಟಕದಲ್ಲಿರುವ ಹೆಸರುಗಳೆಷ್ಟು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಬೇಕೆಂದು ನಾನು ಹಟ ಹಿಡಿದೆ. ಅದು ಅನಾವಶ್ಯಕವೆಂದು ಅವನಿಗೆ ಅನ್ನಿಸಿತು. ಆದರೂ ಗುರುವಿನ ಮಾತೆಂದು ಸೇರಿಸಿದ.

ಬಿಟ್ಟುಹೋಗಿದ್ದ ಮೂವರಿಗೂ ಎರಡು ತಿಂಗಳ ಹಣವನ್ನು ಒಟ್ಟಿಗೆ ಕೊಟ್ಟೆವು. ಆ ಹುಡುಗಿಯನ್ನು ಕರೆದು, ತಪ್ಪು ಅವಳ ಅರ್ಜಿಯದಲ್ಲ, ನಮ್ಮದು ಎಂದು ಹೇಳಿದೆ. ನನ್ನ ನೌಕರಿಯ ಅವಧಿಯಲ್ಲಿ ವಿದ್ಯಾರ್ಥಿಗಳ ಮುಂದೆ ಹೀಗೆ ಹೇಳಿದ ಸಂದರ್ಭಗಳು ಹೆಚ್ಚಿಲ್ಲ. ಏಕೆ ಹಾಗಾಯಿತೆಂದು ಅವಳು ಕೇಳಿದಳು. ಹಾಜರಿ ಪುಸ್ತಕವನ್ನು ತೆರೆದು, ಬೆರಳನ್ನು ತಲೆಬರಹದ ಮೇಲಿಟ್ಟು, ಒಂದು ಸಾಲು ಇಳಿಸಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ, ಸಾರ್, ಕರೆದದ್ದು ನನ್ನನ್ನೇ. ಬರೆದುಕೊಳ್ಳುವುದನ್ನು ಮಾತ್ರ ಮರೆತಿರಿ" ಎಂದಳು. ಮುಂದಿನ ತಿಂಗಳು ಪಟ್ಟಿಯನ್ನು ಓದುವ ಕೆಲಸವನ್ನು ಅವಳಿಗೇ ವಹಿಸಿದೆ. ಒಂಬತ್ತನೆಯ ತರಗತಿಯ ಹದಿನೇಳು ಹೆಸರುಗಳನ್ನೂ ಬೆರಳಿಟ್ಟು ಓದಿ, ಕೆಳಗಿನ ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಿ, ಆಮೇಲೆಯೇ ಕಾಗದವನ್ನು ನನ್ನ ಕೈಗೆ ಕೊಟ್ಟಳು.